ಎರಡೇ ಸೀಟಿನ ಕಾರು ಕಟ್ಟಿದ ಲಿಂಡಾಕರ್ ಸಾಹೇಬರಿಗೆ

ದಾವಣಗೆರೆ, ಶ್ರಾವಣ ಮಾಸ, ೧೯೬೨

ಜರ್ಮನಿ ದೇಶದ ಲಿಂಡಾಕರ್ ಮೋಟಾರು ಕಾರ್ಖಾನೆಯ ಸಂಸ್ಥಾಪಕರಾದ ಮಾನ್ಯರೇ,

ಹತ್ತಿ ದಲಾಲಿ ಉಜ್ಜನಪ್ಪನು ಕೈಮುಗಿದು ಮಾಡುವ ಅರಿಕೆ. ಕಾರ್ಖಾನೆ ಮುಚ್ಚಿದೆಯೆಂದು ನನ್ನ ಟಪಾಲು ವಾಪಸು ಬಂದುದರಿಂದ, ತಾವೆಲ್ಲಿದ್ದರೂ ಓದಿಕೊಳ್ಳಲೆಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಮ್ಮೂರ ಗಿರಣಿಗೆ ಯಂತ್ರ ಕೂರಿಸಲು ಬಂದಿದ್ದ ತಮ್ಮ ದೇಶದ ಇಂಜಿನಿಯರು ಊರಿಗೆ ಮರಳುವಾಗ ಲಿಂಡಾಕರ್ ಕಾರ್ಖಾನೆಯ ಕೆಂಪು ಕಾರನ್ನು ನನಗೆ ಮಾರಿ, ಜೊತೆಗೆ ಅದನ್ನು ಕಟ್ಟಿದ ತಮ್ಮ ಚರಿತ್ರೆಯನ್ನೂ ಹೇಳಿಹೋದರು. ಯುದ್ಧ ಮುಗಿದ ಮೇಲೆ ತಾವು ಹಳೆಯ ಕುದುರೆ ಲಾಯದಲ್ಲಿ ತಗಡು ಬಡಿಯಲು ಕುಳಿತದ್ದು, ದೊಡ್ಡ ಕಂಪನಿಯ ಇಂಜಿನ್ ತಂದು ಕೂರಿಸಿ ಪಂದ್ಯ ಗೆದ್ದದ್ದು, ಎಷ್ಟೇ ಗಿರಾಕಿಗಳು ಬಂದರೂ ಪ್ರತಿ ಕಾರನ್ನೂ ಕೈಯಲ್ಲೇ ಬಡಿಯುವೆನೆಂದು ಹಟ ಹಿಡಿದದ್ದು, ಕಡೆಗೆ ಆ ಕಂಪನಿಯವರು ಇಂಜಿನ್ ಕೊಡುವುದನ್ನೇ ನಿಲ್ಲಿಸಿ ತಮ್ಮ ಲಾಯಕ್ಕೆ ಬೀಗ ಬಿದ್ದದ್ದು, ಎಲ್ಲವನ್ನೂ ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ಆದರೆ ಅಷ್ಟು ಶ್ರದ್ಧೆಯಿಂದ ಬಡಿದ ಕೈಗಳು ಇನ್ನೊಂದು ಸೀಟನ್ನು ಬಡಿಯಬಾರದಿತ್ತೇ?

ಕಾರು ಮನೆಗೆ ಬಂದ ಮೊದಲ ಸೋಮವಾರ ನಾನು ಹೆಂಡತಿ ಅನ್ನಪೂರ್ಣಮ್ಮನನ್ನು ಕೂರಿಸಿಕೊಂಡು ಹರಿಹರದ ಗುಡಿಗೆ ಹೋದೆ. ಜಾಗವಿಲ್ಲದೆ ಮನೆಯಲ್ಲುಳಿದ ನನ್ನ ತಾಯಿ ಕಸ್ತೂರಮ್ಮನವರು ಅಂದಿನಿಂದ ಸೊಸೆಯೊಡನೆ ಮಾತು ಬಿಟ್ಟರು. ಇಬ್ಬರ ನಡುವೆ ಕೂತು ರೊಟ್ಟಿ ನುಂಗುವುದು ಎಷ್ಟು ಕಷ್ಟವೆಂಬುದು ಪಂದ್ಯ ಗೆದ್ದ ತಮಗೆ ತಿಳಿಯದು.

ಮುಂದಿನ ಸೋಮವಾರ, ನೆಲಕ್ಕೆ ಹೊಟ್ಟೆ ತಾಗುವಂತೆ ತಾವು ರಚಿಸಿದ ಆ ವಾಹನ ಹರಿಹರದ ಹಾದಿಯ ಎರೆಮಣ್ಣಿನಲ್ಲಿ ಹೂತುಕೊಂಡಿತು. ಅನ್ನಪೂರ್ಣಮ್ಮನನ್ನು ಸ್ಟೇರಿಂಗಿಗೆ ಕೂರಿಸಿ, ಯಾವುದನ್ನು ಒತ್ತಬೇಕೆಂದು ತೋರಿಸಿ, ನಾನು ಹಿಂದಿನಿಂದ ನೂಕಿದೆ. ಕಾರು ಗರ್ಜಿಸಿ ಹೊರಟೇಹೋಯಿತು. ಮೈಯೆಲ್ಲ ಕೆಸರಾಗಿ ನಾನು ಓಡೋಡಿ ಹೊಳೆಯ ಹತ್ತಿರ ಮುಟ್ಟಿದಾಗ, ಆಕೆ ಕಾರು ನಿಲ್ಲಿಸಿಕೊಂಡು, ಮದುವೆಯಾದಾಗಿನಿಂದ ನಾನು ಕಾಣದಿದ್ದ ನಗು ನಗುತ್ತಿದ್ದಳು. "ರೀ, ಆ ಕಡಿ ಕೂಡ್ರಿ. ಇನ್ನ ನಾನ ಹೊಡಿತೀನಿ" ಎಂದಳು. ಕೂತೆ.

ಸುದ್ದಿ ಕೇಳಿದ ತಾಯಿಯವರು ಆ ಸಂಜೆಯೇ ಮೌನ ಮುರಿದು, "ನೀ ಹೊಡಿಯಾದಾದ್ರೆ ನಾ ಕೂಡ್ತೀನಿ ತಾಯಿ. ಇವನು ಬ್ಯಾಡ" ಎಂದರು. ಈಗ ಪ್ರತಿ ಸೋಮವಾರ ಅತ್ತೆಸೊಸೆಯರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಮನೆಯಲ್ಲಿ ಇಂಥ ಶಾಂತಿ ನೆಲೆಸಿದ್ದಕ್ಕೆ ತಮಗೆ ಪುತ್ಥಳಿ ಇಡಿಸಬೇಕೆಂದಿದ್ದೇನೆ. ಅಲ್ಲಿಯವರೆಗೆ ತಾವು ದಯಮಾಡಿ ಲಾಯದ ಬೀಗ ತೆಗೆಸಿ, ಸುತ್ತಿಗೆ ಹಿಡಿದು ಸ್ವತಃ ಇಲ್ಲಿಗೆ ಬಂದು, ನನಗೊಂದು ಸೀಟು ಬಡಿದುಕೊಡತಕ್ಕದ್ದು.

ಬಸ್ ನಿಲ್ದಾಣದಿಂದ,
ತಮ್ಮ ವಿಶ್ವಾಸಿ,
ಉಜ್ಜನಪ್ಪ

ತಾ.ಕ.: ತಮ್ಮ ಹಾರ್ನಿನ ದನಿ ಬಲು ಇಂಪಾಗಿದೆ. ಬಸ್ಸಿಗೆ ಕಾದು ನಿಂತ ನನ್ನೆದುರು ಹಾದುಹೋಗುವಾಗ ಅದನ್ನು ಒತ್ತುವವರು ನನ್ನ ತಾಯಿಯವರೇ.