ಗೆರೆಯ ಮೇಲೆ ಬಿದ್ದ ವೋಟು

ಎಪ್ಪತ್ತರ ದಶಕದಲ್ಲಿ, ಮಿಶ್ರಿಕೋಟಿ ಸಮೀಪದ ನಮ್ಮ ಹಳ್ಳಿಯಲ್ಲಿ ದಿನಾ ಪೇಪರ್ ಓದುತ್ತಿದ್ದವನು ನಾನೊಬ್ಬನೇ. ಆದ್ದರಿಂದ ದೇಶದ ಚಿಂತೆಯೂ ನನ್ನೊಬ್ಬನದೇ ಆಗಿತ್ತು. ಪಂಚಾಯ್ತಿ ಚುನಾವಣೆ ಬಂದಾಗ ಚಹಾದಂಗಡಿಯಲ್ಲಿ ಕೂತು, ತಿಳಿವಳಿಕೆ ಇಲ್ಲದ ಅಡಾಣಿ ಮತದಾರರಿಂದಲೇ ಪ್ರಜಾಪ್ರಭುತ್ವ ಹಾಳಾಗುತ್ತಿದೆ ಎಂದು ಭಾಷಣ ಮಾಡಿದೆ. ಮತಪತ್ರದ ಮೇಲೆ ಶಿಕ್ಕಾ ಎಲ್ಲಿ ಒತ್ತಬೇಕು, ಕಾಗದ ಹೇಗೆ ಮಡಚಬೇಕು, ಎಲ್ಲವನ್ನೂ ಪುಕ್ಕಟೆ ಹೇಳಿಕೊಟ್ಟೆ.

ಆಮೇಲೆ ನಮ್ಮ ವಾರ್ಡಿಗೆ ನಿಂತವರ ಹೆಸರು ಗೊತ್ತಾಯಿತು. ಒಬ್ಬರು ಫಕ್ಕೀರಪ್ಪ, ನನ್ನ ಮಗಳನ್ನು ಸೊಸೆ ಮಾಡಿಕೊಳ್ಳಲು ಒಪ್ಪಿದ್ದ ಬೀಗರು. ಇನ್ನೊಬ್ಬರು ನನ್ನ ಖಾಸಾ ಕಾಕಾ, ಅಪ್ಪನ ಒಡಹುಟ್ಟಿದ ತಮ್ಮ, ಅವಳ ನಿಶ್ಚಯಕ್ಕೆ ಹಿರಿಯರಾಗಿ ಕೂಡಬೇಕಾದವರು. ಬೀಗರು ಮುನಿದರೆ ವರನಿಲ್ಲ. ಕಾಕಾ ಮುನಿದರೆ ಹಿರಿಯರಿಲ್ಲ. ಇಬ್ಬರೂ ಬೇರೆ ಬೇರೆ ಬಂದು ಕೇಳಿದರು. ಇಬ್ಬರ ಮುಂದೆಯೂ ವಿಭೂತಿ ಮುಟ್ಟಿ, ನನ್ನ ವೋಟು ನಿಮಗೇ ಎಂದು ಮಾತು ಕೊಟ್ಟೆ. ಹೆಂಡತಿ ನೀಲವ್ವ ಮಾತ್ರ, ಗೆದ್ದರೆ ಬಾವಿಯ ಹೂಳು ಯಾವಾಗ ತೆಗೆಸುತ್ತೀರಿ ಎಂದು ಇಬ್ಬರನ್ನೂ ಕೇಳಿದಳು. ಎಂಥ ಅಡಾಣಿ ಪ್ರಶ್ನೆ ಎಂದು ನನಗೆ ನಾಚಿಕೆಯಾಯಿತು.

ಮತದಾನದ ದಿನ ಪರದೆಯ ಹಿಂದೆ ನಿಂತೆ. ಕಾಗದದ ಮೇಲೆ ಎರಡೇ ಗುರುತು, ಮೇಲಿನದು ಬೀಗರದು, ಕೆಳಗಿನದು ಕಾಕಾನದು, ನಡುವೆ ಒಂದು ಗೆರೆ. ಶಿಕ್ಕಾ ಮೇಲೆ ಹೋಯಿತು, ಕಾಕಾ ನೆನಪಾದರು. ಕೆಳಗೆ ಬಂತು, ಮಗಳು ನೆನಪಾದಳು. ಹೊರಗೆ ಸಾಲಿನಲ್ಲಿ ನಿಂತವರು ಕೆಮ್ಮತೊಡಗಿದರು. ಯಾರಿಗೂ ಮೋಸವಾಗಬಾರದೆಂದು ಸರಿಯಾಗಿ ಗೆರೆಯ ಮೇಲೆಯೇ ಒತ್ತಿಬಿಟ್ಟೆ!

ಎಣಿಸಿದರೆ ಇಬ್ಬರಿಗೂ ಸಮ ಸಮ. ಉಳಿದದ್ದು ಒಂದೇ ಒಂದು ಕೆಟ್ಟ ವೋಟು. ಅಧಿಕಾರಿಗಳು ಅದನ್ನು ಎತ್ತಿ ತೋರಿಸಿದಾಗ ನಾನು ಮುಂದೆ ನಿಂತವನ ಬೆನ್ನ ಹಿಂದೆ ಸರಿದೆ. ಪುಣ್ಯಕ್ಕೆ ಅದರ ಮೇಲೆ ಹಾಕಿದವನ ಹೆಸರಿರಲಿಲ್ಲ. ಯಾವ ಅಡಾಣಿಯ ಕೆಲಸವಿದು ಎಂದು ಮಂದಿ ಬೈದರು. ಎಲ್ಲರಿಗಿಂತ ಜೋರಾಗಿ ನಾನೇ ಬೈದೆ. ಕಡೆಗೆ ಚೀಟಿ ಎತ್ತಿದರು, ಕಾಕಾ ಗೆದ್ದರು. ಇದು ದೇವರು ಕೊಟ್ಟ ತೀರ್ಪೆಂದು ಬೀಗರೂ ಮುನಿಯಲಿಲ್ಲ. ಎಷ್ಟೋ ದಿನಗಳ ಮೇಲೆ ನಾನು ಅಂದು ಹೊಟ್ಟೆ ತುಂಬ ಉಂಡೆ.

ನಿಶ್ಚಯದ ದಿನ ಇಬ್ಬರೂ ಒಂದೇ ಪಂಕ್ತಿಯಲ್ಲಿ ಹೋಳಿಗೆಗೆ ಕೂತರು. ಅವರನ್ನು ನೋಡಿ ಸಮಾಧಾನದಿಂದ ನನ್ನ ಕಣ್ಣು ತುಂಬಿ ಬಂತು.

"ಆ ಅಡಾಣಿ ಯಾರಂತ ಗೊತ್ತಾಗಲೇ ಇಲ್ಲ ನೋಡ್ರಿ," ಎಂದರು ಬೀಗರು. "ಮುಂದಿನ ಸಲಾ ನೀವಽ ಮಂದಿಗೆ ಛಲೋತ್ನಾಗ ಕಲಿಸ್ರಿ."

ತುಪ್ಪ ಬಡಿಸುತ್ತಿದ್ದ ನೀಲವ್ವ ನನ್ನ ಮುಖವನ್ನೇ ನೋಡಿದಳು.

"ಕಲಿಸೂದೇನ್ ಬ್ಯಾಡ್ರಿ," ಅಂದಳು. "ಆ ಮನಶ್ಯಾ ಎಲ್ಲಾರಿಗೂ ಹೂಂ ಅನ್ನೂದು ಬಿಟ್ಟರ ಸಾಕು."

ಬೀಗರೂ ಕಾಕಾನೂ ಹೌದೆಂದು ತಲೆಯಾಡಿಸಿ, ನನ್ನ ಕಡೆ ನೋಡಿದರು.

ನಾನೂ ಹೂಂ ಅಂದೆ.