ಹನ್ನೊಂದು ಮಂದಿ ಒತ್ತಿದ ಫೈಲು

ಊರಿಗೆಲ್ಲ ಒಬ್ಬನಿಗೇ ಗೊತ್ತಿರುವ ಕೆಲಸ ಮಾಡುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಗಂಗಾವತಿಯ ಅಕ್ಕಿ ಗಿರಣಿಯೊಂದಕ್ಕೆ ನಾನು ಕ್ಲೋಜರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತೇನೆ. ಅದು ಜಾವಾ ಎಂಬ ದೊಡ್ಡ ಭಾಷೆಯ ಮನೆಯಲ್ಲಿ ಬಾಡಿಗೆಗಿರುವ ಸಣ್ಣ ಭಾಷೆ. ಅದನ್ನು ಬಲ್ಲ ಇನ್ನೊಬ್ಬನಿದ್ದ, ಕೆಲಸ ಬಿಟ್ಟು ಹೋದ. ಆಮೇಲೆ ನಾನು ಬರೆದದ್ದನ್ನು ಹೊಗಳುವುದು ಹೋಗಲಿ, ಬಯ್ಯಲೂ ಯಾರೂ ಉಳಿಯಲಿಲ್ಲ.

೧. ನಡುವಿನ ಸೀಟು

ಗಿರಣಿ ಮಾಲೀಕರು ಒಮ್ಮೆ ಕೇಳಿದರು: "ಈ ಭಾಷಾ ನಮ್ಮ ಕಡೆ ಎಷ್ಟು ಮಂದಿಗೆ ಬರತೈತ್ರಿ?"

"ನನಗೊಬ್ಬನಿಗ್ರಿ."

"ಕೊಪ್ಪಳದಾಗ?"

"ಯಾರೂ ಇಲ್ರಿ."

"ಕುಷ್ಟಗಿ, ಯಲಬುರ್ಗಾ?"

"ಅಲ್ಲೂ ಇಲ್ರಿ."

ಅವರ ಮುಖ ಸಪ್ಪಗಾಯಿತು. ಅಂದಿನಿಂದ ದಿನಾ ಬೆಳಿಗ್ಗೆ ಫೋನ್ ಮಾಡಿ ನೆಗಡಿ, ಕೆಮ್ಮು ವಿಚಾರಿಸುತ್ತಾರೆ. ಬೈಕ್ ಕೊಳ್ಳುತ್ತೇನೆ ಅಂದಾಗ ಗಾಬರಿಯಾದರು. "ಬ್ಯಾಡ್ರಿ! ಬಸ್ಸಿನ್ಯಾಗ ಬರ್ರಿ. ನಡುವಿನ ಸೀಟಿನ್ಯಾಗ ಕುಂದರ್ರಿ."

೨. ಚೀಟಿಯಿಲ್ಲದ ಡಬ್ಬಿ

ಗಿರಣಿಗೆ ತೂಕದ ಯಂತ್ರ ಕೊಟ್ಟ ಕಂಪನಿಯವರು ತಮ್ಮ ಜಾವಾ ಲೈಬ್ರರಿಯನ್ನು, ಅಂದರೆ ಸಿದ್ಧ ಪ್ರೋಗ್ರಾಂಗಳ ಕಟ್ಟನ್ನು, ಒಂದೇ ಫೈಲಾಗಿ ಕಳಿಸಿದರು. ಯಾರು ಬೇಕಾದರೂ ಬಳಸಿ, ಹಂಚಿ ಎಂದೂ ಬರೆದಿದ್ದರು. ನನ್ನ ಕ್ಲೋಜರ್ ಪ್ರೋಗ್ರಾಂ ಮಾತ್ರ ಅದು ಸಿಗುತ್ತಿಲ್ಲವೆಂದು ನಾಲ್ಕು ದಿನ ಹಟ ಹಿಡಿಯಿತು. ಹೇಳಿಕೊಳ್ಳಲು ಯಾರೂ ಇಲ್ಲದೆ, ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಬಾಡಿಗೆ ಮನೆಯ ಮಾಲಕಿ ಅಕ್ಕನ ಮುಂದೆ ಗೋಳು ತೋಡಿಕೊಂಡೆ.

"ಫೈಲು ಕಣ್ಣ ಮುಂದ ಐತ್ರಿ ಅಕ್ಕಾ. ಆದ್ರ ಅದಕ್ಕ ಸಿಗವಲ್ದು."

"ನಾ ಕನಕಗಿರಿ ಬಸ್ಸಿಗೆ ಉಪ್ಪಿನಕಾಯಿ ಡಬ್ಬಿ ಇಡತೀನಲ್ಲ, ಚೀಟಿ ಹಚ್ಚಲಿಲ್ಲಂದ್ರ ಕಂಡಕ್ಟರ್ ಯಾರಿಗಂತ ಕೊಡತಾನ? ಯಾರ ಮನೀದು, ಒಳಗ ಏನೈತಿ, ಎಷ್ಟನೇ ಡಬ್ಬಿ, ಬರದೀಯೇನು?"

ಬರೆದಿರಲಿಲ್ಲ. ಕ್ಲೋಜರ್ ಕೇಳುತ್ತಿದ್ದದ್ದೂ ಆ ಮೂರನ್ನೇ: ಯಾರದು, ಹೆಸರೇನು, ಎಷ್ಟನೇ ಆವೃತ್ತಿ. ಬರೆದು ಕಟ್ಟಿದೆ, ನಡೆಯಿತು. ಓಡಿಬಂದು ಹೇಳಿದರೆ ಅಕ್ಕ ಅಕ್ಕಿಯ ಮೊರದಿಂದ ಕಣ್ಣೆತ್ತಲಿಲ್ಲ.

"ಇದಕ್ಕ ನಾಕು ದಿನಾ? ನಿಮ್ಮ ಮಾಲೀಕರು ನೆಗಡಿ ಕೇಳೂದು ಬಿಟ್ಟು ತಲೀ ಹೆಂಗೈತಿ ಅಂತ ಕೇಳಬೇಕಿತ್ತು."

೩. ಹನ್ನೊಂದು ಮನೆ

ಆ ಕಟ್ಟನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಸಿಗುವಂತೆ ಇಟ್ಟೆ. ಎಲ್ಲಾದರೂ ಒಬ್ಬ ಒಯ್ದರೆ ಸಾಕು, ನನ್ನಂಥವನು ಇನ್ನೊಬ್ಬನಿದ್ದಾನೆ ಎಂದಾಯಿತಲ್ಲ ಎಂಬ ಆಸೆ. ಎಷ್ಟು ಮಂದಿ ಒಯ್ದರೆಂದು ತೋರಿಸುವ ಲೆಕ್ಕ ಎರಡು ವಾರ ಸೊನ್ನೆ. ಅಕ್ಕ ದಿನಾ ಕೇಳುವರು, "ಯಾರರ ಒಯ್ದರೇನು?" "ಇಲ್ರಿ" ಎನ್ನಲು ನನಗೇ ನಾಚಿಕೆ. ಕೊನೆಗೆ ಅವರು ಅದರ ಲಿಂಕನ್ನು ತಮ್ಮ ವಾಟ್ಸಾಪಿಗೆ ಹಾಕಿಸಿಕೊಂಡರು.

ಮರುದಿನ ನೋಡಿದರೆ ಹನ್ನೊಂದು! ಕಣ್ಣು ತುಂಬಿ ಬಂತು. ಮಿರ್ಚಿ ಭಜಿ ಕಟ್ಟಿಸಿಕೊಂಡು ಓಡಿಬಂದೆ.

ಅಕ್ಕ ಮಿರ್ಚಿ ಕಚ್ಚುತ್ತ ಹೇಳಿದರು: "ಬಳಗಕ್ಕೆಲ್ಲಾ ಕಳಿಸಿದ್ನಿ. ನಮ್ಮ ಮನ್ಯಾಗಿರೂ ತಮ್ಮ ಒಬ್ಬನ ಅದಾನ, ಯಾರೂ ಒಯ್ಯವಲ್ರು, ಒತ್ರಿ ಅಂದೆ. ಒತ್ಯಾರ. ಒಬ್ಬರ ಫೋನಿನ್ಯಾಗೂ ತೆರೀಲಿಲ್ಲ ನೋಡು."

ನನ್ನ ಮಿರ್ಚಿ ಕೈಯಲ್ಲೇ ಉಳಿಯಿತು. ಅಕ್ಕ ಒಂದು ಚೀಟಿ ಕೊಟ್ಟರು. ಹನ್ನೊಂದು ಮನೆಗಳ ಹೆಸರು, ಊರು.

"ಇಷ್ಟು ಮಂದಿ ನಿನ್ನ ಬಾಗಲಕ್ಕ ಬಂದು ಹೋದಂಗಾತು. ಇನ್ನ ನೀ ಅವರ ಮನಿಗೆ ಹೋಗಬೇಕೋ ಬ್ಯಾಡೋ?"

ರವಿವಾರ ಮೊದಲ ಮನೆಗೆ, ತಾವರಗೇರಾಕ್ಕೆ ಹೋದೆ, ಬಸ್ಸಿನ ನಡುವಿನ ಸೀಟಿನಲ್ಲಿ ಕೂತು. ಅಲ್ಲಿಯ ಅಜ್ಜಿ ಹೋಳಿಗೆ ಬಡಿಸುತ್ತ ಕೇಳಿದರು: "ಎರಡನೇದು ಯಾವಾಗ ಬಿಡತೀಯಪಾ? ಅದನ್ನೂ ಒತ್ತತೀವಿ."

ತಿದ್ದಲು ಏನೂ ಇರಲಿಲ್ಲ. ಆದರೂ ಮನೆಗೆ ಬಂದವನೇ ಎರಡನೇ ಆವೃತ್ತಿ ಹಾಕಿದೆ.