ಕಾಕೂನ ಮೊರ, ನನ್ನ ನೆತ್ತಿ

ಕೆಲವರಿಗೆ ಒಳ್ಳೆಯ ಸಂಗೀತ ಕೇಳಿದರೆ ಮೈ ಜುಮ್ಮೆನ್ನುತ್ತದಂತೆ. ನನ್ನ ಮೈಗೆ ಅಷ್ಟು ದೊಡ್ಡ ಅಭಿರುಚಿಯಿಲ್ಲ. ಕಿರಾಣಿ ಅಂಗಡಿಯಾತ ಹಳೆಯ ಕಾಗದದಲ್ಲಿ ಸಾಸಿವೆ ಕಟ್ಟುವ ಚರಪರ ಸದ್ದು, ಅಂಗೈಯಲ್ಲಿ ಮುರಿದ ಮುಳ್ಳನ್ನು ಹುಡುಕುವವರ ಮೆಲ್ಲನೆಯ ಬೆರಳು, ಇಷ್ಟು ಸಾಕು. ನೆತ್ತಿಯಲ್ಲಿ ಹುಟ್ಟಿದ ಜುಮ್ಮು ಕತ್ತಿಗಿಳಿದು ಬೆನ್ನಗುಂಟ ಹರಿಯುತ್ತದೆ. ಆಗ ಯಾರು ಏನು ಕೇಳಿದರೂ ಹೂಂ ಎನ್ನುತ್ತೇನೆ. ಗೋಕಾಕದ ಬಟ್ಟೆ ಅಂಗಡಿಯಲ್ಲಿ ಮಡಿಕೆ ಬಿಚ್ಚುವ ಸರಸರಕ್ಕೆ ಸೋತು, ಹೆಂಡತಿ ಬೇಡವೆಂದ ಸೀರೆಯನ್ನೂ ಬಾಯಿತುಂಬ ಹೊಗಳಿದ್ದೇನೆ. ಡಾಕ್ಟರಿಗೆ ಹೇಳುವ ಹಾಗೂ ಇಲ್ಲ. ನೋವಾದರೆ ಹೇಳಬಹುದು, ಸುಖವಾಗುತ್ತಿದೆ ಎಂದು ಯಾವ ಗುಳಿಗೆ ಕೇಳುವುದು?

ಮೊನ್ನೆ ಮಗಳ ಮದುವೆಗೆ ಮೂಡಲಗಿಯ ಕಾಕೂ ಬರುವುದಿಲ್ಲವೆಂದು ಹಟ ಹಿಡಿದಳು. ಕಾಕೂ ಎಂದರೆ ಚಿಕ್ಕಪ್ಪನ ಹೆಂಡತಿ. ಅವ್ವ ತೀರಿದ ಮೇಲೆ ನನ್ನನ್ನು ಬೆಳೆಸಿದಾಕೆ. ನನ್ನ ತಮ್ಮ ಆಕೆಗೆ ಲಗ್ನಪತ್ರವನ್ನು ಮೊಬೈಲಿನಲ್ಲಿ ಕಳಿಸಿ ಕೈ ತೊಳೆದುಕೊಂಡಿದ್ದ. ಸಮಾಧಾನ ಮಾಡಲು ನಾನು ಹೊರಟೆ. ಬೈಸಿಕೊಂಡು ಸುಮ್ಮನಿರುವ ಜಾಯಮಾನ ನನ್ನದಲ್ಲ. ಅದಕ್ಕೇ ಹೆಂಡತಿ ಬಸ್ ಹತ್ತಿಸುವಾಗ, “ಸಿಟ್ಟಿಗೇಳಬ್ಯಾಡ್ರಿ ಮತ್ತ. ಕಾಕೂ ಬರ್ಲಿಲ್ಲಂದ್ರ ಮದುವೀನ ಬ್ಯಾಡಂತ ಕುಂತಾಳ ಮಗಳು” ಎಂದಳು.

ಕಾಕೂ ಪಡಸಾಲೆಯಲ್ಲಿ ಕುಳಿತು ಮೊರದ ತುಂಬ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

“ಬಂದ್ಯಾ? ನೀನೂ ಮೊಬೈಲಿನ್ಯಾಗ ಬರ್ತಿ ಅಂತ ಮಾಡಿದ್ದೆ.”

ಸಿಟ್ಟು ನೆತ್ತಿಗೇರಿತು. ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಬೆರಳು ಕಾಳಿನ ಮೇಲೆ ಸರ್ರನೆ ಆಡಿತು, ಮೊರ ಝರ್ರೆಂದಿತು. ಸಿಟ್ಟು ಏರಿದ ನೆತ್ತಿಯಿಂದಲೇ ಜುಮ್ಮು ಇಳಿಯಲು ಶುರುವಾಯಿತು. ಕಾಕೂ ಮನೆತನ, ಹಿರಿಯರು, ತಮ್ಮ, ನಾನು, ಯಾರನ್ನೂ ಬಿಡದೆ ಬೈದಳು. ನಾನು ಕಣ್ಣು ಅರೆಮುಚ್ಚಿ, “ಖರೆ ಐತಿ ಕಾಕೂ… ಹೇಳ್, ಇನ್ನೂ ಹೇಳ್” ಎನ್ನುತ್ತಿದ್ದೆ. ಬೈಗುಳ ಮುಗಿದರೂ ಜೋಳ ಮುಗಿಯದಿರಲಿ ಎಂಬುದೊಂದೇ ನನ್ನ ಪ್ರಾರ್ಥನೆ.

ನನ್ನ ಕಣ್ಣಂಚಿನ ನೀರು ಕಂಡು ಅವಳ ಕೈ ನಿಂತಿತು.

“ಅಳಬ್ಯಾಡೋ ಹುಚ್ಚಾ. ಅಷ್ಟ್ಯಾಕ ಮನಸಿಗೆ ಹಚ್ಕೊಂಡಿ? ಬರ್ತೇನಿ ತಗೋ” ಎಂದು ನನ್ನ ತಲೆಯ ಮೇಲೆ ಕೈಯಾಡಿಸಿದಳು.

ಆಗ ಮಾತ್ರ ನನಗೆ ನಿಜವಾಗಿಯೂ ಅಳು ಬಂತು. ಸಾಲೆಗೆ ಹೋಗುವ ಮುನ್ನ ತಲೆಗೆ ಎಣ್ಣೆ ತಿಕ್ಕುತ್ತಿದ್ದ ಬೆರಳುಗಳು ಅವು. ನನ್ನ ನೆತ್ತಿ ಈ ಸುಖವನ್ನು ಎಲ್ಲಿ ಕಲಿಯಿತೆಂಬುದು ಅರವತ್ತರ ಹತ್ತಿರ ಬಂದ ಮೇಲೆ ಗೊತ್ತಾಯಿತು.

ಕಾಕೂ ಮದುವೆಗೆ ಎಲ್ಲರಿಗಿಂತ ಮೊದಲು ಬಂದು, ಬಂದವರನ್ನೆಲ್ಲ ಬೈದಳು. ನಾನು ಎದುರಾಡದೆ ಬೈಸಿಕೊಂಡ ಕಥೆ ಅವಳ ಬಾಯಿಂದಲೇ ಹರಡಿ, ಬಳಗದಲ್ಲಿ ನಾನು ಶಾಂತಮೂರ್ತಿಯಾದೆ. ಆ ಹೆಸರು ನಂಬಿ ಹುಕ್ಕೇರಿಯ ಬೀಗರು ತಮ್ಮ ಅಣ್ಣತಮ್ಮಂದಿರ ಜಗಳ ಬಿಡಿಸಲು ನನ್ನನ್ನು ಕರೆಸಿದರು. ಆ ಮನೆಯಲ್ಲಿ ಜೋಳ ಹಸನು ಮಾಡುವವರು ಯಾರೂ ಇರಲಿಲ್ಲ. ಚಹಾ ಆರುವ ಮೊದಲೇ ನಾನು ಎಬ್ಬಿಸಿದ ರಂಪಕ್ಕೆ ಅಣ್ಣತಮ್ಮಂದಿರು ತಮ್ಮ ಜಗಳ ಮರೆತು, ಒಂದಾಗಿ, ನನ್ನನ್ನು ಸಮಾಧಾನ ಮಾಡಬೇಕಾಯಿತು.